ನಾನು ಕಲಿಸಿದ ಒಂದೇ ತೆಲುಗು ಮಾತು

ಹಿಮಾಯತ್‌ನಗರದ ಆಸ್ಪತ್ರೆಯೊಂದರಲ್ಲಿ ನಾನು ನರ್ಸು. ಎಂಟು ಗಂಟೆ ತೆಲುಗು, ಹಿಂದಿಯಲ್ಲಿ ಬಾಯಿ ನೋಯುವಷ್ಟು ಮಾತಾಡಿ ಕೋಣೆಗೆ ಬಂದು ಬೀಗ ತೆಗೆದರೆ, ಒಳಗೆ ಒಂದು ಮಾತಿಗೂ ಜನವಿಲ್ಲ. ರಾಯಚೂರಿನ ಮನೆಗೆ ಫೋನ್ ಮಾಡಿದರೆ ಊಟ ಆಯಿತೇ ಎಂದು ಕೇಳಿ ಇಟ್ಟುಬಿಡುತ್ತಾರೆ. ಹಾಗಾಗಿ ಹೆಂಗಸರ ವಾರ್ಡಿನ ಹದಿನಾಲ್ಕನೇ ಹಾಸಿಗೆಗೆ ಯಾದಗಿರಿ ಕಡೆಯ ಮುದುಕಿಯೊಬ್ಬರು ಬಂದಾಗ ನನಗೆ ಹಬ್ಬವೇ ಆಯಿತು.

ಇದೇ ಊರಿನ ಕುಷಾಯಿಗೂಡದಲ್ಲಿ ಮಗಳ ಮನೆಯಲ್ಲಿದ್ದವರು ಪಿತ್ತಕೋಶದ ಕಲ್ಲಿನ ಆಪರೇಷನ್ನಿಗೆ ಸೇರಿದ್ದರು. ನೌಕರಿಯಲ್ಲಿದ್ದ ಮಗಳು ಸಂಜೆ ಬರುತ್ತಿದ್ದಳು. ಉಳಿದ ಹೊತ್ತು ಅವರ ಕನ್ನಡ ತಿಳಿಯುವವಳು ಇಡೀ ವಾರ್ಡಿನಲ್ಲಿ ನಾನೊಬ್ಬಳೇ.

"ತಂಗಿ, ಉಂಡಿಯೇನು?" ಎಂದು ದಿನಾ ಕೇಳುತ್ತಿದ್ದರು. ಇಪ್ಪತ್ತೆಂಟು ಹಾಸಿಗೆಗೆ ಇಬ್ಬರೇ ನರ್ಸುಗಳು. ಎಷ್ಟೋ ದಿನ ನನ್ನ ಡಬ್ಬಿ ತೆರೆಯದೆ ಮನೆಗೆ ವಾಪಸ್ಸಾಗುತ್ತಿತ್ತು. ಅದನ್ನು ಗಮನಿಸಿದವರು ಅವರೊಬ್ಬರೇ.

ನೋವು ಹೇಗಿದೆ ಎಂದು ಯಾರಾದರೂ ತೆಲುಗಿನಲ್ಲಿ ಕೇಳಿದರೆ ಅವರು ಕನ್ನಡದಲ್ಲಿ ಊರ ಎಮ್ಮೆಯಿಂದ ಶುರುಮಾಡುತ್ತಿದ್ದರು. ಕೇಳಿದವರು ಸಿಡುಕುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಒಂದು ಮಾತು ಕಲಿಸಿದೆ: "ಪರ್ವಾಲೇದು."

"ಹಂಗಂದ್ರೇನ?"

"ಪರವಾಗಿಲ್ಲ ಅಂತ, ಅವ್ವಾ. ಅಷ್ಟ ಅಂದ್ರ ಯಾರೂ ಸಿಟ್ಟಾಗಂಗಿಲ್ಲ."

ಈ ಊರಿನಲ್ಲಿ ನಾನು ಬಾಳುವೆ ಮಾಡುತ್ತಿದ್ದುದೇ ಆ ಒಂದು ಮಾತಿನ ಮೇಲೆ. ಅವರಿಗೂ ಕೊಟ್ಟೆನೆಂದು ಹೆಮ್ಮೆಪಟ್ಟೆ, ಮಂಕುದಿಣ್ಣೆ!

ಆಪರೇಷನ್ ಆದ ಮರುದಿನ ಇನ್‌ಚಾರ್ಜ್ ಮೇಡಂ ನನ್ನನ್ನು ಐಸಿಯುಗೆ ಹಾಕಿದರು. ಅಲ್ಲಿ ಒಬ್ಬಳು ರಜೆ ಹಾಕಿದ್ದಳಂತೆ. "ನಿಮಗೇನು, ಒಂಟಿ ಮನುಷ್ಯರು, ಎಲ್ಲಿಯಾದರೂ ನಡೆಯುತ್ತದೆ," ಎಂದರು. "ಪರ್ವಾಲೇದು ಮೇಡಂ," ಎಂದೆ. ಹೊಸ ನರ್ಸಿಗೆ ವಾರ್ಡ್ ಒಪ್ಪಿಸುವಾಗ ಹದಿನಾಲ್ಕನೇ ಹಾಸಿಗೆಯ ಜ್ವರ, ಬಿಪಿ, ಇಂಜೆಕ್ಷನ್ ಎಲ್ಲ ಹೇಳಿದೆ. ಆ ಮುದುಕಿಗೆ ತೆಲುಗು ಬರುವುದಿಲ್ಲ, ಬರುವುದು ಒಂದೇ ಮಾತು ಎಂದು ಹೇಳಲು ಮರೆತೆ. ಚಾರ್ಟಿನಲ್ಲಿ ಅದನ್ನು ಬರೆಯುವ ಜಾಗವಿಲ್ಲ, ನಿಜ. ನನಗೆ ಬಾಯಿ ಇತ್ತಲ್ಲ.

ಮರುದಿನ ಮಧ್ಯಾಹ್ನ ಊಟ ಬಿಟ್ಟು ಅವರನ್ನು ನೋಡಲು ಓಡಿದೆ. ಸಲೈನ್ ಸೂಜಿ ನರದಿಂದ ಜಾರಿ, ನೀರೆಲ್ಲ ಚರ್ಮದಡಿ ಇಳಿದು, ಕೈ ಮೊಣಕೈವರೆಗೆ ಊದಿತ್ತು. ಚಾರ್ಟಿನಲ್ಲಿ ಮೂರು ಸಲ ದುಂಡಗೆ ಬರೆದಿತ್ತು: ತೊಂದರೆ ಇಲ್ಲ.

"ಯಾಕವ್ವಾ, ಹೇಳಬಾರದಿತ್ತೇನು?"

"ನೀ ಹೇಳಿಕೊಟ್ಟಿದ್ದಲ್ಲ, ಅದನ್ನ ಅಂದೆ. ಮೂರು ಸಲ ಬಂದ್ಲು, ಮೂರೂ ಸಲ ಅಂದೆ. ಭಾಳ ನೋಯಾಕತ್ತಿತ್ತು, ಆದ್ರ ಸಿಟ್ಟಾದಾರು ಅಂತ..."

ಅವರ ದನಿಯಲ್ಲಿ ದೂರು ಇರಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಸೂಜಿ ತೆಗೆದು, ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು ಡಾಕ್ಟರನ್ನು ಕರೆದೆ. ಎರಡು ದಿನದಲ್ಲಿ ಇಳಿಯುತ್ತದೆ ಎಂದರು. ಆ ನರ್ಸಿನ ಮೇಲೆ ಹರಿಹಾಯಲು ಹೊರಟವಳು ಅವಳ ಮುಖ ನೋಡಿ ಹಿಂದೆ ಸರಿದೆ. ಅವತ್ತು ಇಪ್ಪತ್ತೆಂಟು ಹಾಸಿಗೆಗೂ ಅವಳೊಬ್ಬಳೇ ಇದ್ದಳು.

ನೇರ ಮೇಡಂ ಹತ್ತಿರ ಹೋಗಿ, ನನ್ನನ್ನು ವಾರ್ಡಿಗೆ ವಾಪಸ್ ಹಾಕಿ ಎಂದು ಕೇಳಿದೆ. ನಾನಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. "ನೋಡೋಣ," ಎಂದರು. ನೋಡಲಿಲ್ಲ.

ಡಿಸ್ಚಾರ್ಜ್ ದಿನ ಹತ್ತು ನಿಮಿಷ ಬಿಡುವು ಮಾಡಿಕೊಂಡು ಹೋದೆ. ಮಗಳು ಚೀಲ ತುಂಬುತ್ತಿದ್ದಳು. ಕೈಯ ಊತ ಇಳಿದಿತ್ತು. ಆ ಕೈಯಿಂದಲೇ ಮುದುಕಿ ನನ್ನ ಗದ್ದ ಹಿಡಿದರು.

"ಮುಖ ಯಾಕ ಇಷ್ಟ ಸಣ್ಣದಾಗೇತಿ? ಹ್ಯಾಂಗದೀ ನೀ?"

"ಪರ್ವಾಲೇದು, ಅವ್ವಾ." ರೂಢಿ, ಬಾಯಿಗೆ ಬಂದುಬಿಟ್ಟಿತು.

ಅವರು ಗದ್ದ ಬಿಡಲಿಲ್ಲ. "ನನ್ನ ಮುಂದೂ ಅದನ್ನ ಅಂತೀಯೇನು? ಎಲ್ಲಿ ನೋಯಾಕತ್ತೈತಿ, ಹೇಳು."

ಹೇಳಬೇಕೆಂದು ನಿಜವಾಗಿ ಬಾಯಿ ತೆರೆದೆ. ಎಲ್ಲಿಂದ ಶುರುಮಾಡಲಿ ಎಂದು ಯೋಚಿಸುವಷ್ಟರಲ್ಲಿ ವೀಲ್‌ಚೇರ್ ಬಂತು. ಆಮೇಲೆ ನನ್ನನ್ನು ಹಾಗೆ ಯಾರೂ ಕೇಳಿಲ್ಲ.