ಎದುರು ಪಕ್ಷದ ಕಾಲಮ್ಮಿನಲ್ಲಿ ಲೆಂಪಿ ದೊಡ್ಡಮ್ಮ

ಹೋದ ಬೇಸಿಗೆಯ ನನ್ನ ದಿನಚರಿಯಲ್ಲಿ ಮಗಳು ಹಿಲ್ಡಾಳ ಹಲ್ಲಿನ ಸುದ್ದಿ ಅರ್ಧ, ಲೆಂಪಿ ದೊಡ್ಡಮ್ಮನ ಸುದ್ದಿ ಅರ್ಧ. ಹಲ್ಲು ಹೇಗೂ ಬಂದೇ ಬರುತ್ತದೆ. ದೊಡ್ಡಮ್ಮನದನ್ನು ಮಾತ್ರ ಒಂದೆಡೆ ಸೇರಿಸಿ ಬರೆದಿಡಬೇಕು ಅನ್ನಿಸಿತು. ಹಿಲ್ಡಾ ಬೆಳೆದು ಗುರಿಮೈದಾನಕ್ಕೆ ಹೋಗುವ ಹೊತ್ತಿಗೆ, ಅದು ಉಳಿದದ್ದು ಹೇಗೆ ಎಂದು ಅವಳಿಗೆ ಯಾರಾದರೂ ಹೇಳಬೇಕಲ್ಲ.

ದೊಡ್ಡಮ್ಮ ನನ್ನ ರಕ್ತಸಂಬಂಧಿಯಲ್ಲ, ಬೇಲಿಯಾಚೆಯ ಮನೆಯವಳು. ಊರಿನ ಅರ್ಧ ಜನಕ್ಕೆ ಅವಳು ದೊಡ್ಡಮ್ಮನೇ. ಎಪ್ಪತ್ತು ದಾಟಿದೆ. ಕಬ್ಬಿಣದ ಗಣಿ ಮುಚ್ಚುವವರೆಗೂ ಅದರ ಕ್ಯಾಂಟೀನಿನಲ್ಲಿ ಮಾಂಸ, ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಬೇಯಿಸುತ್ತಿದ್ದಳು. ಆಮೇಲೆ ಶಾಲೆಯ ಬಸ್ಸು ಓಡಿಸಿದಳು. ಆದರೆ ಅವಳು ತನ್ನದು ಅಂದುಕೊಂಡ ಕೆಲಸಕ್ಕೆ ಸಂಬಳವೇ ಇರಲಿಲ್ಲ. ಪ್ರತಿ ಸೆಪ್ಟೆಂಬರಿನಲ್ಲಿ ಹಳೆಯ ಗಣಿಯ ಹಿಂದಿನ ಮೈದಾನದಲ್ಲಿ ಊರಿನ ಮಕ್ಕಳಿಗೆ ಬಂದೂಕು ಹಿಡಿಯುವುದನ್ನು ಕಲಿಸುವುದೇ ಆ ಕೆಲಸ. ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ದಿನ ನಮ್ಮಲ್ಲಿ ಶಾಲೆಗೇ ರಜೆ. ಅಷ್ಟರೊಳಗೆ ಅವಳ ಕೈಯಲ್ಲಿ ಪಾಸಾಗದ ಮಗು ಕಾಡಿನ ಕಡೆ ತಲೆ ಹಾಕುವಂತಿಲ್ಲ.

ನಾನು ಕಲಿತದ್ದೂ ಅಲ್ಲೇ. ಮೊದಲ ವಾರ ಗುಂಡನ್ನು ಕಣ್ಣಿಗೂ ತೋರಿಸುತ್ತಿರಲಿಲ್ಲ. ಖಾಲಿ ಬಂದೂಕನ್ನು ಕೈಯಿಂದ ಕೈಗೆ ದಾಟಿಸಬೇಕು, ದಾಟಿಸುವಾಗ ತೆರೆದು ತೋರಿಸಬೇಕು, ಬೇಲಿ ಹತ್ತುವ ಮೊದಲು ನೆಲಕ್ಕಿಡಬೇಕು. ಬೇಜಾರು ಅಂದವರಿಗೆ ಕಾಫಿ ಪಾತ್ರೆ ತೊಳೆಯುವ ಕೆಲಸ. ಕೊನೆಯ ದಿನ ಮಾತ್ರ ಎಲ್ಲರನ್ನೂ ಕೂರಿಸಿಕೊಂಡು, ತಾನು ಚಿಕ್ಕವಳಿದ್ದಾಗ ಚಿಕ್ಕಪ್ಪನ ಮಗಳು ಕಪಾಟಿನಿಂದ ಬಂದೂಕು ತೆಗೆದು ಆಡಿ ಸತ್ತದ್ದನ್ನು ಹೇಳುತ್ತಿದ್ದಳು. ಅಷ್ಟು ಹೇಳಿ ಎದ್ದುಬಿಡುತ್ತಿದ್ದಳು. ನನ್ನ ಗಂಡನ ಬಂದೂಕು ಇವತ್ತು ಬೀಗದ ಪೆಟ್ಟಿಗೆಯಲ್ಲಿದ್ದರೆ, ಬೀಗದ ಕೈ ಹಿಲ್ಡಾಳಿಗೆ ಸಿಗದಲ್ಲಿದ್ದರೆ, ಅದಕ್ಕೆ ಆ ಐದು ನಿಮಿಷವೇ ಕಾರಣ.

ಈ ಮೈದಾನ ಕೌಂಟಿಯ, ಅಂದರೆ ನಮ್ಮ ಜಿಲ್ಲಾಡಳಿತದ, ಜಾಗ. ಅದರ ಗುತ್ತಿಗೆ ಬರುವ ಮಾರ್ಚಿಗೆ ಮುಗಿಯುವುದರಲ್ಲಿತ್ತು. ಮುಂದುವರಿಸಬೇಕೋ ಬೇಡವೋ ಎಂದು ಜನವರಿಯಲ್ಲಿ ಕೂರುವ ಹೊಸ ಮಂಡಳಿ ತೀರ್ಮಾನಿಸಬೇಕು. ಮಂಡಳಿಯಲ್ಲಿ ಬೇಕು ಅನ್ನುವವರೂ ಬೇಡ ಅನ್ನುವವರೂ ಸರಿಸಮ. ಹಾಗಾಗಿ ಎಲ್ಲವೂ ನಮ್ಮ ವಾರ್ಡಿನ ಸದಸ್ಯನ ಕೈಯಲ್ಲಿತ್ತು. ಆ ಸದಸ್ಯ ಡೊಮಿನಿಕ್ ಬೆರ್ಟೋಲಾ, ಗಣಿಕಾರ್ಮಿಕರ ಸಂಘದಿಂದ ಬಂದ ಡೆಮಾಕ್ರಟ್, ಮನೆಯ ಗೋಡೆಯ ತುಂಬ ಜಿಂಕೆಕೊಂಬು ನೇತುಹಾಕಿಕೊಂಡವನು. ಈ ಸಲ ಅವನ ಪಕ್ಷದಲ್ಲೇ ಅವನ ವಿರುದ್ಧ ಕೊಲೆಟ್ ಪೆರೋ ನಿಂತಳು. ಆಸ್ಪತ್ರೆಯ ತುರ್ತು ವಿಭಾಗದ ನರ್ಸ್, ಊರಿಗೆ ಬೇಕಾದವಳು. ಗೆದ್ದರೆ ಮೈದಾನಕ್ಕೆ ಬೀಗ, ಕೌಂಟಿಯ ನೆಲದ ಮೇಲೆ ಮಕ್ಕಳ ಕೈಗೆ ಬಂದೂಕಿಲ್ಲ ಎಂದು ಅವಳು ಬಾಗಿಲು ಬಾಗಿಲಿಗೂ ಹೇಳಿಕೊಂಡು ಬಂದಳು. ರಿಪಬ್ಲಿಕನ್ನರು ನಮ್ಮ ವಾರ್ಡಿಗೆ ಯಾರನ್ನೂ ನಿಲ್ಲಿಸಿರಲಿಲ್ಲ. ಆಗಸ್ಟಿನಲ್ಲಿ ಡೆಮಾಕ್ರಟರು ತಮ್ಮೊಳಗೆ ಯಾರನ್ನು ಆರಿಸಿಕೊಳ್ಳುತ್ತಾರೋ ಅವರೇ ನವೆಂಬರಿನಲ್ಲೂ ಗೆದ್ದಂತೆ.

ದೊಡ್ಡಮ್ಮನೋ ಹುಟ್ಟಾ ರಿಪಬ್ಲಿಕನ್. ತೀರಿಹೋದ ಅವಳ ಗಂಡ ಡೆಮಾಕ್ರಟ್. ಬದುಕಿನುದ್ದಕ್ಕೂ ಇಬ್ಬರೂ ಒಂದೇ ಟ್ರಕ್ಕಿನಲ್ಲಿ ಹೋಗಿ, ಒಬ್ಬರ ವೋಟನ್ನು ಇನ್ನೊಬ್ಬರು ಅಳಿಸಿ, ದಾರಿಯಲ್ಲಿ ಐಸ್‌ಕ್ರೀಮ್ ತಿಂದು ಬರುತ್ತಿದ್ದರಂತೆ.

ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಆಗಸ್ಟಿನ ಈ ಒಳಚುನಾವಣೆಯಲ್ಲಿ, ನೀನು ಯಾವ ಪಕ್ಷ ಎಂದು ನಮ್ಮ ಮತಗಟ್ಟೆಯಲ್ಲಿ ಯಾರೂ ಕೇಳುವುದಿಲ್ಲ. ಎರಡು ಪಕ್ಷಕ್ಕೂ ಸೇರಿ ಒಂದೇ ಮತಪತ್ರ. ಎಡಗಡೆಯ ಕಾಲಂ ರಿಪಬ್ಲಿಕನ್ನರದ್ದು, ಬಲಗಡೆಯದು ಡೆಮಾಕ್ರಟರದ್ದು. ಯಾವುದಾದರೂ ಒಂದರಲ್ಲಿ ಗುರುತು ಹಾಕಬೇಕು. ಎರಡರಲ್ಲೂ ಹಾಕಿದರೆ ಎರಡೂ ಹಾಳು. ನಮ್ಮಂಥ ಊರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು. ಪ್ರತಿ ಸಲವೂ ಎಷ್ಟೋ ಜನ ಈ ಕಡೆ ಭಾವನಿಗೂ ಆ ಕಡೆ ಪಕ್ಕದ ಮನೆಯವನಿಗೂ ಗುರುತು ಹಾಕಿ, ಯಾರಿಗೂ ಬೇಜಾರಾಗಲಿಲ್ಲ ಎಂಬ ಸಮಾಧಾನದಲ್ಲಿ ಮತವನ್ನೇ ಕಳೆದುಕೊಳ್ಳುತ್ತಾರೆ.

ದೊಡ್ಡಮ್ಮನ ಸಂಕಟವೂ ಇದೇ. ಈ ಸಲ ರಿಪಬ್ಲಿಕನ್ ಕಾಲಮ್ಮಿನಲ್ಲಿ ಕೌಂಟಿಯ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಸ್ಥಾನಕ್ಕೆ ಅವಳ ತಮ್ಮ ಆರ್ವಿಡ್ ನಿಂತಿದ್ದ. ತಾಯಿ ಹೋದ ಮೇಲೆ ಅವಳೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಅವನ ಪಕ್ಷದವನೇ ಆದ ಎದುರಾಳಿ ಗಟ್ಟಿ, ಒಂದೊಂದು ವೋಟೂ ಬೇಕು. ಮೈದಾನಕ್ಕಾಗಿ ಡೊಮಿನಿಕ್‌ಗೆ ಹಾಕಿದರೆ ತಮ್ಮನಿಗೆ ಹಾಕುವಂತಿಲ್ಲ. ತಾನು ಹಾಕದಿರುವುದು ಮಾತ್ರವಲ್ಲ, ಊರಿನ ಬೇಟೆಗಾರರನ್ನೆಲ್ಲ ಆ ಕಡೆ ಕರೆದೊಯ್ದರೆ ತಮ್ಮನ ಬುಟ್ಟಿಯಿಂದಲೇ ತೆಗೆದಂತೆ.

ಜೂನ್ ತಿಂಗಳಿಡೀ ಅವಳು ಯೋಚಿಸಿದಳು. ಆಮೇಲೆ ಒಂದು ಶನಿವಾರ, ನೀಸು ಎಂಬ ನಮ್ಮ ಸಿಹಿ ಬ್ರೆಡ್ಡಿಗೆ ಏಲಕ್ಕಿ ಕುಟ್ಟುತ್ತಾ, ಆರ್ವಿಡ್‌ನನ್ನು ಅಡುಗೆಮನೆಗೆ ಕರೆದು, ತನ್ನ ವೋಟು ಈ ಸಲ ಡೊಮಿನಿಕ್‌ಗೆ ಎಂದು ಹೇಳಿಬಿಟ್ಟಳು. ನಾನು ಹಿಲ್ಡಾಳನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಇದ್ದೆ, ಎದ್ದು ಹೋಗಲೂ ಆಗಲಿಲ್ಲ. ಆರ್ವಿಡ್ ಟೋಪಿ ಹಾಕಿಕೊಂಡು ಹೊರಟ. ಆ ಸಂಜೆ ಅವಳ ಅಂಗಳದ ಹಬೆಕೋಣೆಯಲ್ಲಿ ಎಲ್ಲರೂ ಸೇರುವ ಸೌನಾಕ್ಕೂ ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ನಮ್ಮ ಜನರಲ್ಲಿ ಶನಿವಾರದ ಸೌನಾ ತಪ್ಪಿಸುವುದೆಂದರೆ ಬೈದು ಬಾಗಿಲು ಹಾಕಿದ್ದಕ್ಕಿಂತ ಹೆಚ್ಚು.

ದೊಡ್ಡಮ್ಮ ಪ್ರಚಾರ ಮಾಡಿದ್ದೂ ಆ ಸೌನಾದಲ್ಲೇ. ಹೆಂಗಸರ ಸರದಿಯಲ್ಲಿ ಮೇಲಿನ ಹಲಗೆಯ ಮೇಲೆ ಟವೆಲ್ ಸುತ್ತಿ ಕೂತು, ಕಲ್ಲಿಗೆ ನೀರು ಎರಚಿ, ಹಬೆ ತುಂಬಿದ ಮೇಲೆ ಪಾಠ ಶುರು. ಒಂದೇ ಕಾಲಂ, ಬಲಗಡೆಯದು, ಅಷ್ಟೇ. ನೆಂಟರ ಮುಖ ನೆನಪಾದರೆ ಕಣ್ಣು ಮುಚ್ಚಿಕೊಳ್ಳಿ. ಬೆವರು ಸುರಿಯುತ್ತಿದ್ದರೂ ಪಾಠ ಮುಗಿಯದೆ ಬಾಗಿಲು ತೆರೆಯುವಂತಿರಲಿಲ್ಲ. ವೋಟಿಗಿಂತ ಪ್ರಾಣ ದೊಡ್ಡದು, ಹೇಳಿದ ಕಡೆ ಹಾಕುತ್ತೇವೆ, ಬಾಗಿಲು ತೆಗಿ ಎಂದು ಒಬ್ಬಳು ಬೇಡಿಕೊಂಡಳು.

ಒಂದು ಶನಿವಾರ ಕೊಲೆಟ್ ಪೆರೋ ಕರಪತ್ರ ಹಿಡಿದು ಅಂಗಳಕ್ಕೇ ಬಂದಳು. ದೊಡ್ಡಮ್ಮ ಅವಳನ್ನೂ ಒಳಗೆ ಕರೆದಳು. ಸೌನಾಕ್ಕೆ ಕರೆದರೆ ಒಲ್ಲೆ ಅನ್ನುವ ರೂಢಿ ಇಲ್ಲ. ಕರಪತ್ರಗಳನ್ನು ಸೌದೆಯ ಮೇಲಿಟ್ಟು ಕೊಲೆಟ್ ನಮ್ಮ ನಡುವೆ ಬಂದು ಕೂತಳು. ರಿಪಬ್ಲಿಕನ್ನರನ್ನು ದೊಡ್ಡಮ್ಮ ಡೆಮಾಕ್ರಟರ ಕಾಲಮ್ಮಿಗೆ ಕರೆತರುತ್ತಿದ್ದಾಳೆ ಎಂದು ಅವಳಿಗೆ ಗೊತ್ತೇ ಇತ್ತು.

"ಇದು ನ್ಯಾಯಾನಾ ಲೆಂಪಿ? ನಮ್ಮನೆ ಮದ್ವೆಗೆ ಗಂಡು ಆರ್ಸೋಕೆ ನೀವು ಬರೋದಾ?"

"ಆ ಗಂಡು ನಾಳೆ ನಮ್ಮನೇಲೂ ಯಜಮಾನಿಕೆ ಮಾಡ್ತಾನಲ್ಲಮ್ಮ. ಒಳಗೆ ಬರೋಕೆ ನಿಮ್ಮ ಬಾಗ್ಲು ಬಿಟ್ರೆ ಬೇರೆ ಬಾಗ್ಲೇ ಇಲ್ಲ. ಕದ್ದು ಬರ್ತಿಲ್ಲ, ನಿನ್ನ ಕರೆದು ಕೂರ್ಸಿ ಹೇಳಿಯೇ ಬರ್ತಿದೀನಿ."

ಯಾರೋ ನಕ್ಕರು. ಕೊಲೆಟ್ ನಗಲಿಲ್ಲ. ಹಿಂದಿನ ಚಳಿಗಾಲದಲ್ಲಿ ತುರ್ತು ವಿಭಾಗಕ್ಕೆ ತಂದ ಮಗುವಿನ ಕಥೆ ಹೇಳಿದಳು. ಅಣ್ಣನ ಬಂದೂಕು, ಸೋಫಾದ ಕೆಳಗಿತ್ತಂತೆ. ಆ ಮಗುವಿನ ಷೂ ಬಿಚ್ಚಿದ್ದು ತಾನೇ ಎಂದಳು. ದೊಡ್ಡಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಆ ಮನೇಲಿ ಯಾರೂ ಕಲ್ತಿರ್ಲಿಲ್ಲ ಕೊಲೆಟ್. ಮೈದಾನ ಮುಚ್ಚಿದ್ರೆ ಅಂಥ ಮನೆ ಇನ್ನೂ ಹೆಚ್ಚಾಗ್ತವೆ."

"ಕಲ್ತವರ ಮನೆಯಿಂದ್ಲೂ ಬರ್ತಾರೆ. ಕಲ್ತ ಮೇಲೆ ಬೀಗ ಹಾಕ್ತಾರಾ ಅಂತ ಯಾರು ನೋಡ್ತಾರೆ?"

ದೊಡ್ಡಮ್ಮ ಕಲ್ಲಿಗೆ ಇನ್ನೊಂದು ಸೌಟು ನೀರು ಹಾಕಿದಳು. ಹೋಗುವಾಗ ಕೊಲೆಟ್‌ಗೆ ಅರ್ಧ ನೀಸು ಕಟ್ಟಿಕೊಟ್ಟಳು, ಅವಳು ತೆಗೆದುಕೊಂಡಳು. ಕರಪತ್ರವನ್ನೂ ಒಂದು ಬಿಟ್ಟುಹೋದಳು.

ಮತದಾನದ ದಿನ ಊರಿನ ಸಭಾಂಗಣ ತುಂಬಿತ್ತು. ಬೆರಿಹಣ್ಣು ಕೀಳಲು ಹೋಗಿದ್ದವರು ಬಕೆಟ್ ಹಿಡಿದುಕೊಂಡೇ ಬಂದಿದ್ದರು. ದೊಡ್ಡಮ್ಮ ಚರ್ಚಿಗೆ ಹಾಕುವ ಕೋಟು ಹಾಕಿಕೊಂಡು ಬಂದಿದ್ದಳು. ಅವಳ ಹಿಂದೆ ನಾನು, ನನ್ನ ಸೊಂಟದ ಮೇಲೆ ಹಿಲ್ಡಾ. ಅವಳು ಮರೆಗೆ ಹೋಗಿ ಗುರುತು ಹಾಕಿ ಬಂದು ಪತ್ರವನ್ನು ಯಂತ್ರದ ಬಾಯಿಗಿಟ್ಟಳು. ಯಂತ್ರ ಒಳಗೆಳೆದುಕೊಂಡು, ಕೀಂಯ್ ಎಂದು, ಪತ್ರವನ್ನು ಹೊರಕ್ಕೆ ತಳ್ಳಿತು. ಎರಡು ಕಾಲಮ್ಮಿನಲ್ಲೂ ಗುರುತಿದೆ ಎಂದು ಪರದೆಯ ಮೇಲೆ ಅಕ್ಷರ ಮೂಡಿತು.

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಊರಿಗೆಲ್ಲ ಪಾಠ ಹೇಳಿದವಳು. ಡೊಮಿನಿಕ್‌ಗೆ ಹಾಕಿದ ಮೇಲೆ ಕೈ ತಾನಾಗಿ ಎಡಗಡೆಗೆ ಹೋಗಿ ತಮ್ಮನ ಹೆಸರಿನ ಮುಂದೆಯೂ ಗುರುತು ಹಾಕಿಬಿಟ್ಟಿತ್ತು. ಅವಳ ಕಿವಿಯವರೆಗೂ ಕೆಂಪೇರಿತು. ಮತಗಟ್ಟೆಯ ಮುಖ್ಯಸ್ಥೆ ಇನ್ನೊಂದು ಹೊಸ ಪತ್ರ ಕೊಡಬಹುದು ಎಂದು ಮೆಲ್ಲಗೆ ಹೇಳಿದಳು. ದೊಡ್ಡಮ್ಮ ಅದನ್ನು ಹಿಡಿದು ನಿಂತಲ್ಲೇ ನಿಂತಳು. ಈಗ ಮತ್ತೊಮ್ಮೆ ಆರಿಸಬೇಕಿತ್ತು, ಅದೂ ಎಲ್ಲರ ಮುಂದೆ.

ಸಾಲಿನ ತುದಿಯಿಂದ ಆರ್ವಿಡ್ ಮುಂದೆ ಬಂದ. ವೋಟು ಹಾಕಲು ಬಂದಿದ್ದವನು, ಟೋಪಿ ಕೈಯಲ್ಲಿತ್ತು.

"ಬಲಗಡೆ, ಅಕ್ಕ. ಬಲಗಡೆ ಮಾತ್ರ. ನೀನೇ ಊರಿಗೆಲ್ಲ ಹೇಳ್ಕೊಟ್ಟಿದ್ದು."

ಮುಖ್ಯಸ್ಥೆ ಎದ್ದು ನಿಂತಳು. "ಆರ್ವಿಡ್, ಒಳಗೆ ಪ್ರಚಾರ ಮಾಡೋ ಹಾಗಿಲ್ಲ. ಕಾನೂನು."

"ನನ್ನ ವಿರುದ್ಧ ನಾನೇ ಪ್ರಚಾರ ಮಾಡೋಕೂ ಕಾನೂನು ಅಡ್ಡ ಬರುತ್ತೇನಮ್ಮ?"

ಮೊದಲು ನಕ್ಕವಳು ಆ ಮುಖ್ಯಸ್ಥೆಯೇ. ಆಮೇಲೆ ಇಡೀ ಸಭಾಂಗಣ. ದೊಡ್ಡಮ್ಮ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು ಮರೆಗೆ ಹೋದಳು, ಬಂದಳು, ಪತ್ರವನ್ನು ಯಂತ್ರಕ್ಕೆ ಕೊಟ್ಟಳು. ಯಂತ್ರ ಸದ್ದಿಲ್ಲದೆ ನುಂಗಿಕೊಂಡಿತು. ಆರ್ವಿಡ್ ತಾನು ಯಾವ ಕಡೆ ಹಾಕಿದ ಎಂದು ಹೇಳಲಿಲ್ಲ. ಆದರೆ ಅವನು ಮರೆಯಿಂದ ಹೊರಬಂದಾಗ ದೊಡ್ಡಮ್ಮ ಅವನ ಮುಖ ನೋಡಿ, ದಡ್ಡ ಎಂದು ಬೈದದ್ದು ನನಗೆ ಕೇಳಿಸಿತು.

ಡೊಮಿನಿಕ್ ಗೆದ್ದ. ದೊಡ್ಡ ಅಂತರವೇನಲ್ಲ, ನಮ್ಮ ಬೀದಿಯ ಜನ ಮನೆಯಲ್ಲಿ ಉಳಿದಿದ್ದರೆ ಸೋಲುತ್ತಿದ್ದ, ಅಷ್ಟು. ಆ ವರ್ಷ ನಮ್ಮ ಮತಗಟ್ಟೆಯಲ್ಲಿ ಎರಡು ಕಾಲಮ್ಮಿಗೆ ಹಾಕಿ ಹಾಳಾದ ಮತ ಒಂದೂ ಇರಲಿಲ್ಲವಂತೆ. ಮುಖ್ಯಸ್ಥೆ ಇದನ್ನು ಈಗಲೂ ಹೇಳಿಕೊಂಡು ತಿರುಗುತ್ತಾಳೆ. ಆರ್ವಿಡ್ ಸೋತ. ಮರುದಿನ ಬುಧವಾರ, ಅದೂ ಸೌನಾದ ದಿನವೇ. ಸಂಜೆ ಬೆಳಕಿರುವಾಗಲೇ ಅವನು ಬಿಯರಿನ ಪೆಟ್ಟಿಗೆ ಹೊತ್ತುಕೊಂಡು ಅಕ್ಕನ ಅಂಗಳಕ್ಕೆ ಬಂದ. ಸೋತ ಶೆರಿಫನಿಗೆ ಏನಾದರೂ ಕೆಲಸವಿದೆಯಾ ಎಂದು ಕೇಳಿದ. ಮಕ್ಕಳ ಕಾಫಿ ಪಾತ್ರೆ ತೊಳೆಯುವವರು ಬೇಕಾಗಿದ್ದಾರೆ ಎಂದಳು ಅವಳು.

ಜನವರಿಯಲ್ಲಿ ಹೊಸ ಮಂಡಳಿ ಕೂತ ದಿನ ಸೊಂಟದವರೆಗೆ ಹಿಮ ಬಿದ್ದಿತ್ತು. ಆದರೂ ಕುರ್ಚಿ ಸಾಲಲಿಲ್ಲ. ಗುತ್ತಿಗೆಯ ವಿಷಯ ಬಂದಾಗ ಕೊಲೆಟ್ ಹಿಂದಿನ ಸಾಲಿನಿಂದ ಎದ್ದು, ಮೈದಾನ ಇರಲಿ, ಆದರೆ ಅಲ್ಲಿ ಕಲಿತ ಪ್ರತಿ ಮಗುವಿನ ಮನೆಗೂ ಒಂದು ಬಂದೂಕಿನ ಬೀಗ ಹೋಗಬೇಕು ಎಂದು ಕೇಳಿದಳು. ಡೊಮಿನಿಕ್ ದೊಡ್ಡಮ್ಮನ ಕಡೆ ನೋಡಿದ. ಅದನ್ನು ತಾನೇ ಕೇಳಬೇಕಿತ್ತು, ತನಗೆ ಹೊಳೆಯದೆ ಹೋಯಿತು ಎಂದು ಅವಳು ಎಲ್ಲರಿಗೂ ಕೇಳುವಂತೆ ಹೇಳಿದಳು. ಕೈ ಎತ್ತಿಸಿದರು. ಡೊಮಿನಿಕ್‌ನ ಕೈಯಿಂದ ಮೈದಾನ ಉಳಿಯಿತು, ಬೀಗದ ಮಾತೂ ಗುತ್ತಿಗೆಗೆ ಸೇರಿತು.

ಚಪ್ಪಾಳೆ ನಿಲ್ಲುವ ಮೊದಲೇ ದೊಡ್ಡಮ್ಮ ಹೊರಟಿದ್ದಳು. ನಾವು ಟ್ರಕ್ಕಿನಲ್ಲಿ ಅವಳ ಬೆನ್ನು ಹತ್ತಿದೆವು. ಗಣಿಯ ಹಿಂದೆ, ಮೈದಾನದ ಗೇಟು ಹಿಮದಲ್ಲಿ ಅರ್ಧ ಮುಳುಗಿತ್ತು. ಅವಳು ಸಲಿಕೆ ಹಿಡಿದು ಅಗೆಯುತ್ತಿದ್ದಳು, ಆರ್ವಿಡ್ ಇನ್ನೊಂದು ಬದಿಯಿಂದ. ಸೆಪ್ಟೆಂಬರಿನವರೆಗೆ ಇಲ್ಲಿಗೆ ಯಾರೂ ಬರುವುದಿಲ್ಲ, ಈಗ ಯಾಕೆ ತೆಗೆಯುತ್ತೀ ಎಂದು ನಾನು ಹಿಲ್ಡಾಳ ಟೋಪಿ ಸರಿಮಾಡುತ್ತಾ ಕೇಳಿದೆ.

"ತೆರೆದಿದೆ ಅಂತ ಊರಿಗೆ ಕಾಣ್ಲಿ ಕಣೇ," ಎಂದು ಅವಳು ಗೇಟನ್ನು ಹಿಮದೊಳಗೆ ಪೂರ್ತಿ ಹಿಂದಕ್ಕೆ ತಳ್ಳಿದಳು.