ಮೇಲಿನ ಮನೆಯವರು ಬರೆಯದ ಅಂಕಿ

ಹನ್ನೆರಡು ಯೂರೋ ಕೊಟ್ಟೆ. ಡೀಮೆನ್‌ನ ಹಳೆ ಸಾಮಾನಿನ ಅಂಗಡಿಯವನು ಇಪ್ಪತ್ತು ಹೇಳಿದ್ದ. ಬೇಸ್‌ಬಾಲ್ ಆಡುವವರ ಚರ್ಮದ ಕೈಗವಸು. ಹೆಬ್ಬೆರಳಿನ ಹತ್ತಿರ ಹೊಲಿಗೆ ಬಿಟ್ಟಿತ್ತು. ಅದನ್ನೇ ಎರಡು ಸಲ ಎತ್ತಿ ತೋರಿಸಿ ಎಂಟು ಇಳಿಸಿದೆ. ನಿಜ ಹೇಳಬೇಕೆಂದರೆ ಇಪ್ಪತ್ತೈದು ಕೇಳಿದ್ದರೂ ಬಿಡುತ್ತಿರಲಿಲ್ಲ. ಮೂಗಿನ ಹತ್ತಿರ ಹಿಡಿದಾಗ ಹಳೆ ಚರ್ಮ, ಎಣ್ಣೆ, ಒಣಮಣ್ಣು ಸೇರಿದ ವಾಸನೆ... ನಮ್ಮ ಮೇಲಿನ ಮನೆಯವರ ಬಾಗಿಲು ತೆರೆದರೆ ಬರುತ್ತಿದ್ದ ವಾಸನೆ ಅದು.

ಅವರು ಕುರಸಾವೊ ದ್ವೀಪದಲ್ಲಿ ಹುಟ್ಟಿದವರು, ಎಪ್ಪತ್ತರ ಆಸುಪಾಸು. ಅಮೆರಿಕದ ದೊಡ್ಡ ಬೇಸ್‌ಬಾಲ್ ತಂಡಗಳ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ತಂಡಗಳಿರುತ್ತವಂತೆ. ಹದಿನೇಳು ಹದಿನೆಂಟರ ಹುಡುಗರನ್ನು ಕೆಳಗಿನ ಮೆಟ್ಟಿಲಿಗೆ ಸೇರಿಸಿಕೊಂಡು ವರ್ಷಗಟ್ಟಲೆ ಕಾಯುತ್ತಾರೆ. ತುದಿ ಮುಟ್ಟುವವರು ಕೆಲವರೇ. ಅಂಥ ಹುಡುಗರನ್ನು ಈ ಡಚ್ ನಾಡಿನ ಮೈದಾನಗಳಲ್ಲಿ ಹುಡುಕಿ ಆ ತಂಡಗಳಿಗೆ ವರದಿ ಬರೆಯುವುದು ಅವರ ಕೆಲಸ.

ನನ್ನದು ಸೆಕೆಂಡ್ ಹ್ಯಾಂಡ್ ಸೈಕಲ್ ವ್ಯಾಪಾರ. ಉಡುಪಿಯಿಂದ ಅಡುಗೆಯವನಾಗಿ ಬಂದು, ಬೀದಿ ಬದಿಯ ಒಂದು ಸೈಕಲ್ ರಿಪೇರಿ ಮಾಡಿ ಮಾರಿದಲ್ಲಿಂದ ಶುರುವಾದದ್ದು. ಕೊಳ್ಳುವಾಗ ಪೆಡಲ್ ಹಿಡಿದು ಅಲುಗಿಸುತ್ತೇನೆ, ಚಕ್ರ ತಿರುಗಿಸಿ ಕಿವಿಗೊಡುತ್ತೇನೆ. ಆದರೆ ಸೈಕಲ್ ಈಗಾಗಲೇ ಸೈಕಲ್ ಆಗಿರುತ್ತದೆ. ಇನ್ನೂ ಏನೂ ಆಗಿರದ ಹುಡುಗನನ್ನು ಅಳೆಯುವುದು ಹೇಗೆ? ಕುತೂಹಲ ತಡೆಯಲಾಗದೆ ಒಂದು ದಿನ ಕೇಳಿಯೇಬಿಟ್ಟೆ.

ಅವರು ನೋಟ್‌ಬುಕ್ ತೆಗೆದು ತೋರಿಸಿದರು. ಪ್ರತಿ ಹುಡುಗನಿಗೂ ಎರಡು ಅಂಕಿ. ಮೊದಲನೆಯದು ಇವತ್ತು ಅವನು ಏನು ಎಂಬುದು, ಎರಡನೆಯದು ಮುಂದೆ ಏನಾಗಬಲ್ಲ ಎಂಬುದು. ಇಪ್ಪತ್ತರಿಂದ ಎಂಬತ್ತರ ಒಳಗೆ.

"ನೂರು ಯಾಕಿಲ್ಲ?" ಎಂದೆ.

"ನೂರು ಇಟ್ರೆ ಅಪ್ಪಂದಿರು ಸುಮ್ನಿರಲ್ಲ, ಬ್ಯೂರ್‌ಮನ್." ನೆರೆಯವನನ್ನು ಇಲ್ಲಿ ಹಾಗೆ ಕರೆಯುತ್ತಾರೆ, ನಾನೂ ಅವರನ್ನು ಹಾಗೆಯೇ ಕರೆಯುತ್ತಿದ್ದೆ.

ಎರಡನೆಯ ಅಂಕಿಗೆ ಅವರದೊಂದು ಕಟ್ಟುನಿಟ್ಟು ಇತ್ತು. ಹುಡುಗ ಚೆನ್ನಾಗಿ ಸೋತ ಒಂದು ದಿನವನ್ನು ಕಣ್ಣಾರೆ ನೋಡದೆ ಅದನ್ನು ಬರೆಯುತ್ತಿರಲಿಲ್ಲ. ಎಷ್ಟೋ ಶನಿವಾರ ಅವರ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಎಲ್ಲರೂ ಚೆಂಡು ಹೋದ ಕಡೆ ನೋಡಿದರೆ ಅವರು ಔಟಾಗಿ ವಾಪಸ್ ಬರುವವನ ನಡಿಗೆ ನೋಡುತ್ತಿದ್ದರು. ಹೆಲ್ಮೆಟ್ ಇಡುತ್ತಾನೋ, ಎಸೆಯುತ್ತಾನೋ...

ಆ ವರ್ಷ ನನ್ನ ಮಗನ ಹೆಸರೂ ಆ ನೋಟ್‌ಬುಕ್ ಸೇರಿತು. ಹದಿನೇಳು ವರ್ಷ, ಚೆಂಡು ಎಸೆಯುವವನು. ಸೀಸನ್ ಮುಗಿದ ಮೇಲೆ ಅವರು ಅಮೆರಿಕಕ್ಕೆ ಕಳಿಸುವ ಪಟ್ಟಿಯಲ್ಲಿ ಅವನಿದ್ದರೆ ಅಲ್ಲಿಂದ ಕರೆ ಬರಬಹುದಿತ್ತು. ಮಗನಿಗೆ ಬೇರೆ ಕನಸೇ ಇರಲಿಲ್ಲ. ನಾನು ಒಂದು ತಟ್ಟೆ ಕೋಡುಬಳೆ ಹಿಡಿದು ಮೇಲೆ ಹತ್ತಿದೆ.

"ನಲವತ್ತು ಬರ್ದಿದ್ದೀರಂತೆ. ನಲವತ್ತೈದು ಮಾಡಿ, ಬ್ಯೂರ್‌ಮನ್."

ಅವರು ಒಂದು ಮುರಿದು ಬಾಯಿಗೆ ಹಾಕಿಕೊಂಡರು. "ಇದಕ್ಕೆ ಅರವತ್ತು ಕೊಡ್ತೀನಿ. ಹುಡುಗ ನಲವತ್ತೇ."

"ಎರಡನೇದು?"

"ಅವನು ಸೋಲೋದು ಇನ್ನೂ ನೋಡಿಲ್ಲ."

ಕೊನೆಯ ಶನಿವಾರದ ಆಟ ರಾಟರ್‌ಡ್ಯಾಮ್ ಕಡೆ, ಅಲ್ಲಿನ ಗಟ್ಟಿ ತಂಡದ ಎದುರು. ಆ ವಾರ ಅಭ್ಯಾಸದಲ್ಲಿ ಮಗನ ಚೆಂಡನ್ನು ಎಲ್ಲರೂ ಬಾರಿಸುತ್ತಿದ್ದರು. ಅಂಥ ದಿನ ಮೇಲಿನ ಮನೆಯವರ ಕಣ್ಣಿಗೆ ಬಿದ್ದರೆ ಕಥೆ ಮುಗಿಯಿತು ಅಂದುಕೊಂಡೆ. ಬೆಳಿಗ್ಗೆ ಕೋಚ್‌ಗೆ ಫೋನ್ ಮಾಡಿ, ಹುಡುಗನಿಗೆ ಜ್ವರ ಎಂದೆ.

"ಅಪ್ಪ, ನಂಗೆ ಜ್ವರ ಇಲ್ಲ," ಮಗ ಷೂ ಕೈಯಲ್ಲಿ ಹಿಡಿದು ನಿಂತಿದ್ದ.

"ಇವತ್ತೊಂದಿನ ಇದೆ ಅಂದ್ಕೋ."

"ನಾನೇನು ನಿಮ್ಮ ಅಂಗಡಿ ಸೈಕಲ್ಲಾ, ತುಕ್ಕು ಕಾಣ್ದಂಗೆ ಇಡೋಕೆ?"

"ಜ್ವರ ಬಂದಿರೋದು ನಿಮ್ಮಪ್ಪಂಗೆ," ಎಂದಳು ನನ್ನ ಹೆಂಡತಿ ಒಳಗಿಂದ.

ಸಂಜೆ ಮೇಲಿನ ಮನೆಯವರು ಕಿತ್ತಳೆಹಣ್ಣಿನ ಚೀಲ ಹಿಡಿದು ಬಂದರು, ರೋಗಿಯನ್ನು ನೋಡಲು. ಬಾಗಿಲು ತೆರೆದವನು ಮಗನೇ. ಅವನನ್ನು ನೋಡಿದರು, ಆಮೇಲೆ ನನ್ನನ್ನು. ಚೀಲವನ್ನು ಅವನ ಕೈಗೆ ಕೊಟ್ಟರು.

"ಇವತ್ತು ಅಷ್ಟು ದೂರ ಹೋಗಿದ್ದು ಇವನೊಬ್ಬನಿಗೋಸ್ಕರ, ಬ್ಯೂರ್‌ಮನ್. ಇವನು ಏಟು ತಿಂದ್ಮೇಲೆ ಏನು ಮಾಡ್ತಾನೆ ಅಂತ ನೋಡೋಕೆ."

ಕೋಪವಿರಲಿಲ್ಲ. ಬರೋ ವರ್ಷ ನೋಡೋಣ ಎಂದು ಮೆಟ್ಟಿಲು ಹತ್ತಿದರು. ಎರಡನೆಯ ಅಂಕಿ ಇಲ್ಲದ ಹೆಸರನ್ನು ಅವರು ಪಟ್ಟಿಗೆ ಹಾಕುತ್ತಿರಲಿಲ್ಲ. ಮಗ ತಿಂಗಳುಗಟ್ಟಲೆ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಆ ಚಳಿಗಾಲ ಅವರು ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಮನೆ ಖಾಲಿ ಮಾಡಲು ಬಂದ ಅವರ ಮಗಳನ್ನು ನೋಟ್‌ಬುಕ್ ಕೇಳಿದೆ. ಹಳೆ ಕಾಗದದ ಜೊತೆ ಹೋಯಿತಂತೆ. ಸಿಕ್ಕಿದ್ದರೂ ಎರಡನೆಯ ಅಂಕಿಯ ಜಾಗ ಖಾಲಿಯೇ ತಾನೆ...

ಅವರ ಕೆಲಸಕ್ಕೆ ಬಂದವರು ನನ್ನ ಮಗನನ್ನು ನೋಡಲೇ ಇಲ್ಲ. ಈಗ ಅವನು ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾನೆ, ಭಾನುವಾರ ಮಾತ್ರ ಆಡುತ್ತಾನೆ. ಮೊನ್ನೆ ಹೋಗಿದ್ದೆ. ಎದುರಿನವರು ಅವನ ನಾಲ್ಕು ಚೆಂಡು ಸತತವಾಗಿ ಬಾರಿಸಿದರು. ಅವನು ಟೋಪಿ ಸರಿಮಾಡಿಕೊಂಡು, ನಗುತ್ತಾ, ಚೆಂಡು ಕೊಡಿ ಎಂದು ಕೈ ಚಾಚಿದ. ಇದಕ್ಕೆ ಎಷ್ಟು ಎಂದು ಕೇಳಲು ಪಕ್ಕಕ್ಕೆ ತಿರುಗಿದೆ. ಯಾರಿದ್ದರು ಅಲ್ಲಿ?

ನಿಮ್ಮ ಮಗನನ್ನೋ ಮಗಳನ್ನೋ ಅಳೆಯಲು ಯಾರಾದರೂ ಬಂದರೆ ನನ್ನ ಮಾತು ಕೇಳಿ: ಕೆಟ್ಟ ದಿನವನ್ನು ಬಚ್ಚಿಡಬೇಡಿ. ಫ್ಲಾಸ್ಕಿನಲ್ಲಿ ಚಹಾ ಒಯ್ಯಿರಿ, ದಪ್ಪ ಕೋಟು ಹಾಕಿಕೊಳ್ಳಿ, ಸೋಲು ಪೂರ್ತಿ ಮುಗಿಯುವವರೆಗೂ ಕೂತಿರಿ. ಮನೆಗೆ ಬರುವಾಗ ದಾರಿಯಲ್ಲಿ ಸಲಹೆ ಕೊಡಲು ಹೋಗಬೇಡಿ. ಹಸಿವಾಗಿದೆಯಾ ಎಂದಷ್ಟೇ ಕೇಳಿ.