ಮಾದೇವಕ್ಕನ ಮಣೆ

ಆ ದಿನ ಬೆಳಿಗ್ಗೆಯೂ ನಾನು ಎಂದಿನಂತೆ ಐದೂವರೆಗೆ ಎದ್ದೆ. ಹಾಲು ಕಾಯಿಸಿ ಕೆನೆ ತೆಗೆದಿಟ್ಟೆ, ಅಂಗಳಕ್ಕೆ ನೀರು ಚಿಮುಕಿಸಿದೆ, ಮಗಳ ಎರಡು ಜಡೆಗೆ ರಿಬ್ಬನ್ ಕಟ್ಟಿ ಶಾಲೆಯ ರಿಕ್ಷಾ ಹತ್ತಿಸಿದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಮೀನು ತಂದ ಮೊದಲ ದಿನ ಅದು. ಅಷ್ಟು ದಿನ ಒಣಮೀನಿನಲ್ಲೇ ಕಾಲ ಕಳೆದಿದ್ದ ಅಂಕೋಲೆಗೆ ಅಂಕೋಲೆಯೇ ಮೀನು ಪೇಟೆಯ ಕಡೆ ಮುಖ ಮಾಡಿತ್ತು. ನಮ್ಮ ಮನೆಗೆ ಮಧ್ಯಾಹ್ನದ ಊಟಕ್ಕೆ ಕಾರವಾರದಿಂದ ಇವರ ಕಚೇರಿಯ ಸಾಹೇಬರು ಹೆಂಡತಿಯೊಡನೆ ಬರುವವರಿದ್ದರು. ಮಸಾಲೆಗೆ ಕಾಯಿ ತುರಿದಿಟ್ಟು, ತಿಳಿಹಸಿರು ಬಣ್ಣದ ಹೊಸ ಸೀರೆ ಉಟ್ಟು, ಚೀಲ ಹಿಡಿದು ಹೊರಟೆ. ಬಂಗಡೆಯನ್ನು ಮಾದೇವಕ್ಕನ ಹತ್ತಿರವೇ ತರಬೇಕು. ಅದರಲ್ಲಿ ಎರಡು ಮಾತಿರಲಿಲ್ಲ.

ಅವಳನ್ನು ನಾನು ಮೊದಲು ಕಂಡದ್ದು ಮದುವೆಯಾಗಿ ಈ ಊರಿಗೆ ಬಂದ ವರ್ಷ, ನಮ್ಮ ಗೇಟಿನ ಬಳಿ. ಬೆಳಿಗ್ಗೆ ಪೇಟೆಯ ಸಾಲಿನಲ್ಲಿ ಕೂತು ಮಾರಿ, ಉಳಿದ ಮೀನನ್ನು ಮನೆಮನೆಗೆ ಹೊತ್ತು ತರುತ್ತಿದ್ದಳು. ತಲೆಯ ಮೇಲೆ ಬುಟ್ಟಿ, ತುರುಬಿನಲ್ಲಿ ಅಬ್ಬಲಿಗೆ, ಮೊಣಕಾಲವರೆಗೆ ಎತ್ತಿ ಕಟ್ಟಿದ ಸೀರೆ. ತುಂಬಿದ ಬುಟ್ಟಿಯನ್ನು ಒಬ್ಬರೇ ತಲೆಗೇರಿಸಿಕೊಳ್ಳಲು ಆಗುವುದಿಲ್ಲ. ಮೀನು ಕೊಂಡ ಮನೆಯವರೇ ಒಂದು ಬದಿ ಹಿಡಿದು ಎತ್ತಿಕೊಡಬೇಕು, ಅದು ನಮ್ಮ ಕಡೆಯ ವಾಡಿಕೆ. "ಹೊರೆ ಎತ್ರೇ!" ಎಂದು ಅವಳು ಕೂಗಿದಾಗ, ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದ ನಾನು ಬುಟ್ಟಿಯ ಅಂಚನ್ನು ಎರಡೇ ಬೆರಳಿನಲ್ಲಿ ಹಿಡಿದೆ.

"ಎಂತಾ ವೈನಿ, ಹೂ ಕೊಯ್ದಂಗೆ ಹಿಡೀತ್ರಿ! ಮೀನು ಕಚ್ಚೂದಿಲ್ಲ, ಸತ್ತದೆ. ಅಂಗೈ ಕೊಡ್ರಿ, ಅಂಗೈ!"

ಅಂಗೈ ಕೊಡುವುದನ್ನು ನಾನು ಕಲಿತದ್ದು ಅವಳಿಂದ.

ಒಂದು ಬೆಳಗಿನ ಜಾವ ಬಂದರಿನಿಂದ ಮೀನು ಹೇರಿಕೊಂಡು ಬರುತ್ತಿದ್ದ ಟೆಂಪೊ ಬಾಳೆಗುಳಿಯ ತಿರುವಿನಲ್ಲಿ ಮಗುಚಿತು. ಹಿಂದೆ ಬುಟ್ಟಿಗಳ ನಡುವೆ ಕೂತಿದ್ದ ಮಾದೇವಕ್ಕನ ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದಿಂದ ಕೆಳಗೆ ಅವಳಿಗೆ ನಡಿಗೆಯೂ ಉಳಿಯಲಿಲ್ಲ, ನೋವೂ ಉಳಿಯಲಿಲ್ಲ. ಆಸ್ಪತ್ರೆಯ ತಿಂಗಳುಗಳು ಮುಗಿದ ಮೇಲೆ, ಕಡಲ ದಂಡೆಯ ಅವಳ ಅಣ್ಣನ ಮನೆಗೆ ನೋಡಲು ಹೋದೆ. ಯಾರೋ ಪುಣ್ಯಾತ್ಮರು ಕೊಟ್ಟ ಗಾಲಿ ಕುರ್ಚಿ ಮೂಲೆಯಲ್ಲಿ ನಿಂತಿತ್ತು. ಹೊರಗೆ ಒಯ್ದರೆ ಗಾಲಿಗಳು ಮರಳಿನಲ್ಲಿ ಹೂತುಹೋಗುತ್ತಿದ್ದವಂತೆ. ಅದರ ಮೇಲೆ ಟವೆಲ್ ಒಣಗಿಸಿದ್ದರು. ಮಾದೇವಕ್ಕ ಚಾಪೆಯಲ್ಲಿ ಕೂತು ತನ್ನ ಪಾದಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಹುಣಸೆಹಣ್ಣು ಹಚ್ಚಿ ಉಜ್ಜಿದ ಕಾಲುಂಗುರ ಹೊಳೆಯುತ್ತಿತ್ತು.

"ಇವೆರಡು ನನ್ ಮನೀಗೆ ಬಂದ ನೆಂಟ್ರು ವೈನಿ. ಎಷ್ಟು ಉಪಚಾರ ಮಾಡಿದ್ರೂ ಒಂದ್ ಮಾತಾಡೂದಿಲ್ಲ, ಎದ್ದು ಹೋಗೂದೂ ಇಲ್ಲ."

ಆಮೇಲೆ ಅವಳು ದನಿ ತಗ್ಗಿಸಿ ಕೇಳಿದ್ದು ಒಂದೇ: "ಪೇಟೆಲಿ ನನ್ ಜಾಗ್ದಲ್ಲಿ ಯಾರು ಕೂತಾರೆ?"

ಯಾರೂ ಕೂತಿರಲಿಲ್ಲ. ಬಲಕ್ಕೆ ಕೂರುವ ಸಾವಿತ್ರಿ ಮತ್ತು ಎಡಕ್ಕೆ ಕೂರುವ ನಾಗಿ ಸೇರಿ, ಅವಳು ಕೂತು ಕೂತು ನುಣುಪಾಗಿದ್ದ ಮರದ ಮಣೆಯನ್ನು ಅಲ್ಲೇ ಮಗುಚಿಟ್ಟು, ಮೇಲೊಂದು ಕಲ್ಲು ಹೇರಿದ್ದರು. ನಾನು ಹೇಳಿದೆ. ಎಣ್ಣೆಗೈಯಲ್ಲೇ ಅವಳು ಕಣ್ಣೊರೆಸಿಕೊಂಡಳು.

ಮರಳಿ ಹೋಗಲು ಕಾರವಾರದ ಡಾಕ್ಟರು ಒಂದು ಷರತ್ತು ಹಾಕಿದರು. ಒಂದೇ ಕಡೆ ಕೂತರೆ ಚರ್ಮ ಒಳಗಿಂದಲೇ ಸಾಯುತ್ತದೆ, ಇವಳಿಗೆ ಗೊತ್ತಾಗುವುದಿಲ್ಲ, ಅರ್ಧ ಗಂಟೆಗೊಮ್ಮೆ ಮೈಯನ್ನು ಮೇಲೆತ್ತಲೇಬೇಕು. ಗಾಲಿ ಕುರ್ಚಿಯಾದರೆ ಅದರ ತೋಳುಗಳ ಮೇಲೆ ಕೈ ಊರಿ ತಾನೇ ಮೈ ಎತ್ತಿಕೊಳ್ಳಬಹುದಿತ್ತು. ಅವಳು ಒಪ್ಪಬೇಕಲ್ಲ!

"ಎಲ್ರೂ ನೆಲದ್ಮೇಲೆ, ನಾನೊಬ್ಳು ಕುರ್ಚಿ ಮೇಲೆ! ನಾನೆಂತಾ ತಹಶೀಲ್ದಾರ್ ಆ? ಬಂಗಡೆಗೆ ಅರ್ಜಿ ಕೊಡ್ಬೇಕಾ ಜನ?"

ಅಂತೂ ಅಣ್ಣ ದಿನಾ ರಿಕ್ಷಾದಲ್ಲಿ ತಂದು ಮಣೆಯ ಮೇಲೆ ಇಳಿಸತೊಡಗಿದ. ಮಣೆಯ ಮೇಲೆ ಗಾಳಿ ತುಂಬಿದ ಸ್ಕೂಟರ್ ಟ್ಯೂಬು. ಎದುರಿನ ರಸ್ತೆಯಲ್ಲಿ ಕಾರವಾರದ ಬಸ್ಸು ಸುಮಾರು ಅರ್ಧ ಗಂಟೆಗೊಂದು ಹಾರ್ನ್ ಹೊಡೆದು ಹೋಗುತ್ತದೆ. ಅದೇ ಅವರ ಗಡಿಯಾರ. ಬಸ್ಸು ಕೂಗಿತೆಂದರೆ ಸಾವಿತ್ರಿ ಚೂರಿ ಕೆಳಗಿಟ್ಟು "ಹೊರೆ ಎತ್ರೇ!" ಎನ್ನುತ್ತಿದ್ದಳು. ನಾಗಿಯೂ ಏಳುತ್ತಿದ್ದಳು. ಇಬ್ಬರೂ ಮಾದೇವಕ್ಕನ ಕಂಕುಳಿಗೆ ಕೈ ಹಾಕಿ ಎತ್ತಿ, ಇಪ್ಪತ್ತು ಎಣಿಸಿ, ಮೆಲ್ಲಗೆ ಇಳಿಸುತ್ತಿದ್ದರು. ತೂಗಾಡುತ್ತಲೇ ಅವಳು ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಿದ್ದಳು. ಬರಬರುತ್ತ ಗಿರಾಕಿಗಳೂ ಕಲಿತರು. ನಾಗಿ ಚಹಾಕ್ಕೆ ಹೋಗಿದ್ದ ಒಂದು ದಿನ ನಾನೂ ಕೈ ಹಚ್ಚಿದೆ.

"ಬುಟ್ಟಿ ಭಾರವೋ ವೈನಿ, ನಾನೋ?"

"ಬುಟ್ಟಿಯೇ ಭಾರ ಮಾದೇವಕ್ಕ," ಎಂದೆ. ನಿಜವೇ ಆಗಿತ್ತು. ಅವಳ ಕಂಕುಳ ಬೆವರಿಗೆ, ಕಡಲಿಗೆ, ಅಬ್ಬಲಿಗೆಗೆ ಎಲ್ಲಕ್ಕೂ ಒಂದೇ ವಾಸನೆ. ಅಂದು ಮನೆಗೆ ಬಂದು ಎಷ್ಟೋ ಹೊತ್ತು ನಾನು ಕೈ ತೊಳೆಯಲಿಲ್ಲ.

ಹಾಗಿದ್ದ ನಾನು, ನಿಷೇಧ ಮುಗಿದ ಆ ದಿನ ಏನು ಮಾಡಿದೆ?

ಪೇಟೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಾವಿತ್ರಿ ತಲೆಯೆತ್ತದೆ ಮೀನು ಕೊಯ್ಯುತ್ತಿದ್ದಳು, ನಾಗಿಯ ಮುಂದೆ ಜನ ಮೈಮೇಲೆ ಬೀಳುತ್ತಿದ್ದರು. ಮಾದೇವಕ್ಕನ ಮುಖ ಹಬ್ಬದ ದಿನದ ಹಾಗಿತ್ತು. ನನಗೆಂದು ಆರಿಸಿಟ್ಟ ಬಂಗಡೆಗಳನ್ನು ಚೀಲಕ್ಕೆ ಹಾಕುತ್ತ, "ಕಣ್ಣು ನೋಡಿ ಇದ್ರದ್ದು, ಮದುಮಗಳ ಕಣ್ಣು," ಎಂದಳು.

ಅಷ್ಟರಲ್ಲಿ ಕಾರವಾರದ ಬಸ್ಸು ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ. ಅವಳು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು. ಎರಡು ತಿಂಗಳು ವ್ಯಾಪಾರವಿಲ್ಲದೆ ಕೂತ ಹೆಂಗಸರನ್ನು ಗಿರಾಕಿಯ ಮುಂದಿನಿಂದ ಎಬ್ಬಿಸುವುದು ಅವಳಿಗೆ ಸಂಕೋಚ. ಮತ್ತೆ ನನ್ನನ್ನು ನೋಡಿದಳು.

"ವೈನಿ, ಒಂಚೂರು ಕೈ ಹಚ್ತ್ರಿ?"

ನಾನು ಅವಳ ಮಣೆಯ ಸುತ್ತ ನಿಂತಿದ್ದ ಮೀನಿನ ನೀರು ನೋಡಿದೆ. ನನ್ನ ಸೀರೆಯ ನೆರಿಗೆ ನೋಡಿದೆ. ಇದನ್ನು ಇವರ ಹತ್ತಿರವೂ ನಾನು ಹೇಳಿಲ್ಲ. ಪಕ್ಕದಲ್ಲಿ ನಿಂತ ಇನ್ನೊಬ್ಬರನ್ನು ಕರೆದು ಎತ್ತಲು ಒಂದು ನಿಮಿಷವೂ ಬೇಡವಾಗಿತ್ತು.

"ಈಗ ಬಂದೆ ಮಾದೇವಕ್ಕ, ರಿಕ್ಷಾ ನಿಲ್ಲಿಸಿ ಬಂದಿದ್ದೇನೆ. ಮನೆಗೆ ಸಾಹೇಬ್ರು ಬರ್ತಾರೆ."

"ಹೋಗಿ ಬನ್ನಿ, ಹೋಗಿ ಬನ್ನಿ," ಎಂದು ನಕ್ಕಳು. "ಈ ಹೊರೆ ಎಲ್ಲಿಗೂ ಹೋಗೂದಿಲ್ಲ."

ನಾನು ಮರಳಿ ಹೋಗಲಿಲ್ಲ.

ಆ ಟ್ಯೂಬಿನ ಗಾಳಿ ಅಂದು ಯಾವಾಗಲೋ ಇಳಿದುಹೋಗಿತ್ತು. ಸಂಜೆ ಅಣ್ಣ ಎತ್ತಿದಾಗ ಸೀರೆಯ ಜೊತೆ ಚರ್ಮವೂ ಕಿತ್ತು ಬಂತೆಂದು ಸಾವಿತ್ರಿ ವಾರದ ಮೇಲೆ ಬಂದು ಹೇಳಿದಳು. ಹೇಳುತ್ತ ಹೇಳುತ್ತ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು. "ಬಸ್ಸು ಕೂಗಿದ್ದು ಕೇಳ್ಲೇ ಇಲ್ಲ ವೈನಿ, ದೇವ್ರಾಣೆ ಕೇಳ್ಲಿಲ್ಲ." ನನಗೆ ಕೇಳಿತ್ತು.

ಗಾಯ ಮೂಳೆಯವರೆಗೆ ಇಳಿಯಿತು. ದೀಪಾವಳಿಯ ಮುಂಚೆ ಕಾರವಾರದ ಆಸ್ಪತ್ರೆಗೆ ಹೋದೆ. ಕ್ಷಮೆ ಕೇಳುವ ಮಾತನ್ನು ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದೆ. ಅವಳನ್ನು ಮಗ್ಗುಲಾಗಿ ಮಲಗಿಸಿದ್ದರು. ತುರುಬಿನಲ್ಲಿ ಹೂವಿರಲಿಲ್ಲ. ನನ್ನ ಅಂಗೈ ಹಿಡಿದುಕೊಂಡು ಅವಳೇ ಮೊದಲು ಕೇಳಿದಳು:

"ಆವತ್ತು ಸಾಹೇಬ್ರಿಗೆ ಬಂಗಡೆ ರುಚಿ ಆಯ್ತಾ ವೈನಿ?"

"ತುಂಬಾ ರುಚಿಯಾಗಿತ್ತು," ಎಂದೆ.

ಹೊದಿಕೆಯ ಕೆಳಗಿನ ಕಾಲುಗಳ ಕಡೆ ಅವಳು ಗದ್ದ ತೋರಿಸಿದಳು. "ನೆಂಟ್ರು ಹೊರಟ್ರು ಅಂತ ಕಾಣ್ತದೆ. ನನ್ನೂ ಕರ್ಕಂಡೇ ಹೋಗ್ತ್ರು."

ಹತ್ತು ದಿನ ಕಳೆಯುವಷ್ಟರಲ್ಲಿ ಹೋದಳು. ಸಾವಿತ್ರಿಯೂ ನಾಗಿಯೂ ಮಣೆಯನ್ನು ಈಗಲೂ ತೆಗೆದಿಲ್ಲ. ಬಸ್ಸು ಕೂಗಿದಾಗ ಅವರ ಕೈಯ ಚೂರಿ ಒಂದು ಗಳಿಗೆ ನಿಲ್ಲುವುದನ್ನು ನಾನು ನೋಡಿದ್ದೇನೆ.

ಆದರೂ ನನ್ನ ನಿದ್ದೆ ಕೆಡಿಸುವುದು ಆಸ್ಪತ್ರೆಯಲ್ಲ, ಆ ಮೊದಲ ದಿನದ ಸಂಜೆ. ಸಾಹೇಬರು ಉಂಡು ಹೊಗಳಿ ಹೋಗಿದ್ದರು. ಹಸಿರು ಸೀರೆಯನ್ನು ಒಂದು ಕಲೆಯೂ ಇಲ್ಲದೆ ಮಡಚಿಟ್ಟು, ಮೀನಿನ ಪಾತ್ರೆ ತೊಳೆಯುತ್ತಿದ್ದೆ. ಪಕ್ಕದ ಮನೆಯ ಶಾಲಿನಿ ಕೊಂಡೊಯ್ದಿದ್ದ ಜರಡಿ ಹಿಂದೆ ಕೊಡಲು ಬಂದವರು, ಹಿತ್ತಿಲ ಬಾಗಿಲಲ್ಲೇ ನಿಂತು ಹೇಳಿದರು:

"ಏನ್ ಗದ್ಲ ಅಂತ್ರಿ ಇವತ್ತು ಪೇಟೆಲಿ! ಎರಡು ಸಲ ಹೋದೆ ನಾನು. ನಿಮ್ಮ ಮಾದೇವಕ್ಕ, ಬೆಳಿಗ್ಗೆ ನೋಡ್ದಾಗ ಹೆಂಗೆ ಕೂತಿತ್ತೋ, ಈಗ ನೋಡಿದ್ರೂ ಹಂಗೇ ಕೂತದೆ. ಅಲ್ಲಾಡಿದ್ದೇ ಇಲ್ಲ. ಗಟ್ಟಿ ಹೆಂಗ್ಸು ಬಿಡಿ."